ಎರಡನೇ ಡಬ್ಬ

ವಿರಾಜಪೇಟೆಯ ಜೇನು ಸಂಘದಲ್ಲಿ ಮೊದಲ ದಿನ ಕೇಳಿದ್ದೆ:
ಏನೇನು ಬೇಕು?
ತಕ್ಕಡಿಯಿಂದ ಕಣ್ಣೆತ್ತದೆ ಚೋಂದಮ್ಮ ಹೇಳಿದರು:
ತೂಕ ಬರೆಯಬೇಕು, ರಸೀದಿ ಕೊಡಬೇಕು. ಮತ್ತೇನಿದೆ?

ಮತ್ತೇನೂ ಇಲ್ಲವೆಂದೇ ನಂಬಿ ಗೆರೆ ಎಳೆದೆ:
ಒಬ್ಬ ಸದಸ್ಯ, ಒಂದು ಡಬ್ಬ, ಒಂದು ರಸೀದಿ.
ಮೂರು ಚೌಕ, ನಡುವೆ ಎರಡು ಬಾಣ.
ಎಷ್ಟು ಅಚ್ಚುಕಟ್ಟು! ಅದರ ಮೇಲೇ ಎಲ್ಲ ಕಟ್ಟಿದೆ.

ಮೇ ತಿಂಗಳಲ್ಲಿ ಪಳಂಗಪ್ಪ
ಮಾಕುಟ್ಟದ ಜೀಪಿನಿಂದ ಡಬ್ಬ ಇಳಿಸಿ,
'ಇದರಲ್ಲಿ ಮುಕ್ಕಾಲು ನಂದು, ಕಾಲು ಭಾವನದು.
ಇಬ್ಬರ ಹೆಸರೂ ಹಾಕಿ' ಎಂದರು.
ನನ್ನ ಕೋಷ್ಟಕದಲ್ಲಿ ಭಾವನಿಗೆ ಜಾಗವಿರಲಿಲ್ಲ.
'ಕಂಪ್ಯೂಟರ್ ಒಪ್ಪುವುದಿಲ್ಲ' ಎಂದರು ಚೋಂದಮ್ಮ,
ನನ್ನ ಕಡೆ ನೋಡದೆ.

ಮರುವಾರ ಎರಡು ಡಬ್ಬ ಬಂದವು.
ಒಂದು ತುಂಬಿತ್ತು, ಇನ್ನೊಂದರ ತಳದಲ್ಲಷ್ಟೇ ಜೇನು.
ಯಾರೂ ದೂರಲಿಲ್ಲ.
ನನ್ನ ಚೌಕದ ಅಳತೆಗೆ ಇಬ್ಬರು ಮನುಷ್ಯರು
ಕೂಡಿ ಹಿಂಡಿದ್ದನ್ನು ಬೇರೆ ಮಾಡಿಕೊಂಡಿದ್ದರು.

ಆ ರಾತ್ರಿ ಲಾಡ್ಜಿನಲ್ಲಿ, ಕರೆಂಟು ಹೋಗಿ ಬರುವ ನಡುವೆ,
ಸದಸ್ಯನಿಗೂ ಡಬ್ಬಕ್ಕೂ ಮಧ್ಯೆ ತೆಳು ಹಾಳೆಯೊಂದನ್ನು ತೂರಿಸಿದೆ.
ಹೆಸರಿಟ್ಟೆ: ಪಾಲು.
ಅಷ್ಟಕ್ಕೇ ತಳವೆಲ್ಲ ಅಲುಗಿ
ಮೂರು ದಿನ ರಸೀದಿ ಅಚ್ಚಾಗಲಿಲ್ಲ.

ಅಚ್ಚಾದ ದಿನ ಚೋಂದಮ್ಮ ಪರದೆಗೆ ಬೆರಳಿಟ್ಟರು:
'ಪಾಲು ಬರೆಯಬಹುದಾದರೆ
ಯಾವ ಹೂವಿನ ಜೇನು ಅಂತಲೂ ಬರೆಯಬಹುದಲ್ಲ?'
ಇಪ್ಪತ್ತು ವರ್ಷ ತೂಗಿದ ಕೈ.
ಈ ಪ್ರಶ್ನೆ ನಿನ್ನೆಯವರೆಗೆ ಅವರಲ್ಲೂ ಇರಲಿಲ್ಲ;
ಖಾಲಿ ಪೆಟ್ಟಿಗೆ ಕಂಡ ಹುಳುವಿನ ಹಾಗೆ
ಎಲ್ಲಿಂದಲೋ ಬಂದು ಕೂತಿತ್ತು.

ಬಾಗಿಲಲ್ಲಿ ಪಳಂಗಪ್ಪ:
'ಅದೆಲ್ಲ ಸರಿ.
ಆ ಎರಡನೇ ಡಬ್ಬದ ದುಡ್ಡು ಯಾರು ಕೊಡ್ತೀರಿ?'