ಪರದೆಯ ಬದಿ

ಟಾಂಗಾಕೂಟದ ಒಳಗಲ್ಲಿಯ ನನ್ನ ಅಂಗಡಿಗೆ
ನೀಲಗಂಗಾ ಮೇಡಮ್ಮರು ತಂದದ್ದು ಮೂರು ಫ್ಲಾಪಿ,
ಕರ್ಚೀಫಿನಲ್ಲಿ ಸುತ್ತಿ, ಮೊಟ್ಟೆ ತಂದ ಹಾಗೆ.
“ಇದು ಹೊಸಾದರಾಗ ನಡೀತದೇನ್ರಿ?”
ಒಂದಕ್ಕೆ ಬೂಷ್ಟು ಹಿಡಿದಿತ್ತು. ಎರಡು ಉಸಿರಾಡಿದವು.

ನಡೆಯಲಿಲ್ಲ, ಓಡಿತು.
ಹಳೆಯ ಆಟ ಗಡಿಯಾರ ನೋಡಿ ನಡೆದದ್ದಲ್ಲ,
ಯಂತ್ರದ ಏದುಸಿರು ಎಣಿಸಿ ಹೆಜ್ಜೆ ಇಟ್ಟದ್ದು;
ಹೊಸದಕ್ಕೆ ಏದುಸಿರೇ ಇಲ್ಲ.
ಲಾಟೀನು ಹಿಡಿದ ಹುಡುಗ
ನಾನು ಕೀಲಿ ಒತ್ತುವ ಮೊದಲೇ ಬಾವಿಗೆ ಬಿದ್ದ,
ಮತ್ತೆ ಬಿದ್ದ, ಮತ್ತೆ.
ಚಹಾಕ್ಕೆ ಕೆನೆ ಕಟ್ಟುವಷ್ಟರಲ್ಲಿ ಮೂರು ಜೀವ.
ಯಂತ್ರದ ಕಿವಿಯಲ್ಲಿ ಒಂದು ಸುಳ್ಳು ಹೇಳಿದೆ:
ಇದು ತೊಂಬತ್ತಮೂರನೇ ಇಸವಿ, ಸಾವಕಾಶ ನಡಿ.

ಆಮೇಲೆ ಅಗಲದ ಪಂಚಾಯ್ತಿ.
ಎಳೆದು ತುಂಬಿಸಿದರೆ ಚಂದ್ರ ಕಲ್ಲಂಗಡಿ,
ಹುಡುಗನಿಗೆ ಅಡತಿ ಸಾಹುಕಾರನ ಹೊಟ್ಟೆ.
ಎಳೆಯದೆ ಬಿಟ್ಟರೆ ಎಡಬಲಕ್ಕೆ ಎರಡು ಕರಿ ಪಟ್ಟಿ.
“ಇಷ್ಟ ಜಾಗಾ ಸುಮ್ಮನ ಖಾಲಿ ಬಿಡೂದೇನ್ರಿ?”
ಪ್ಲಾಟು ಅಳೆಯುವವರ ಹಾಗೆ ಕೇಳಿದರು.

ಆ ರಾತ್ರಿ ಶಟರ್ ಎಳೆದು ಆಟದ ಹೊಟ್ಟೆಯೊಳಗೆ ಕೈ ಹಾಕಿದೆ.
ಮುನ್ನೂರಿಪ್ಪತ್ತು ಇದ್ದಲ್ಲಿ ನಾನೂರಿಪ್ಪತ್ತಾರು ಬರೆದೆ.
ಪರದೆ ಸರಿಯಿತು.

ಬಲಗಡೆ, ಹುಡುಗ ಇನ್ನೂ ಮುಟ್ಟದ ಕಡೆ,
ಗೂಬೆ ನಿಂತಿದೆ. ಹಾರುತ್ತಿಲ್ಲ.
ಗಾಳಿಯಲ್ಲಿ ರೆಕ್ಕೆ ಮಡಚಿ ಕರೆ ಬರಲೆಂದು ಕಾಯುತ್ತಿದೆ.
ಅದರ ಹಿಂದೆ ಗದೆ ಹೊತ್ತ ರಾಕ್ಷಸ, ಮುಖ ಅತ್ತ ಕಡೆ.
ಮೋಡ ಅರ್ಧಕ್ಕೇ ತುಂಡು. ಕೆಳಗೆ ನೆಲವೂ ಇಲ್ಲ.

ನಮ್ಮಪ್ಪ ದಾವಲಸಾಬ
ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ.
ಬದಿಯ ಟ್ರಂಕಿನ ಮೇಲೆ ನನ್ನ ಕೂರಿಸುತ್ತಿದ್ದ.
ಆಗಷ್ಟೇ ಸತ್ತ ಖಳನಾಯಕ ಬೀಡಿ ಹಚ್ಚುತ್ತಿದ್ದ,
ಮಹಾರಾಣಿ ಕಿರೀಟ ತೆಗೆಯದೆ
ಕೂಸಿಗೆ ಮೊಲೆ ಕೊಡುತ್ತಿದ್ದಳು.
“ಮಂದಿಗೆ ಬದಿ ಕಾಣಬಾರದಲೇ,” ಅಂತಿದ್ದ,
“ಕಂಡರ ಟಿಕೀಟಿನ ರೊಕ್ಕಾ ತಿರುಗಿ ಕೊಡಬೇಕಾಕ್ಕೈತಿ.”

ಮುನ್ನೂರಿಪ್ಪತ್ತು ಅಂತಲೇ ತಿರುಗಿ ಬರೆದೆ.

ಮೇಡಮ್ಮರು ಬಂದರು, ಕರಿ ಪಟ್ಟಿ ನೋಡಿ ಮುಖ ಸಣ್ಣಗೆ ಮಾಡಿದರು.
“ಅದು ಖಾಲಿ ಅಲ್ಲರಿ, ಬದಿ” ಅಂದೆ.
ತಿಳಿಯಿತೋ ಇಲ್ಲವೋ.
ಬ್ಯಾಗು ತೊಡೆಯ ಮೇಲಿಟ್ಟುಕೊಂಡೇ ಆಡಲು ಕೂತರು.
ಬಾವಿ ದಾಟಿತು. ಇನ್ನೊಂದು ಬಾವಿ.
ಗೂಬೆ ಕಾಣುವ ಮೊದಲೇ
ಅವರ ಹೆಬ್ಬೆರಳು ನೆಗೆಯಿತು,
ಇಷ್ಟು ವರ್ಷ ಅದು ಅಲ್ಲೇ ನಿಂತದ್ದು
ಗೊತ್ತೇ ಇದ್ದ ಹಾಗೆ.

ನೂರೈವತ್ತು ರೂಪಾಯಿ ತಗೊಂಡೆ.
ಬೂಷ್ಟು ಹಿಡಿದದ್ದನ್ನು ತಿರುಗಿ ಕೊಡುತ್ತ
ಇದರಾಗ ಏನಿತ್ತರೀ ಅಂತ ಕೇಳಿದೆ.
“ಕಡೀ ಮನಿ,” ಅಂದರು,
“ಅಲ್ಲೀತನಕಾ ನಾ ಎಂದೂ ಹೋಗಿದ್ದಿಲ್ಲ ಬಿಡ್ರಿ.”