ಹನ್ನೆರಡು ಜೋಡಿ, ಒಂದು ಹಳೇದು

ಟಿಳಕವಾಡಿಯ ಸ್ಟುಡಿಯೋದಾಗ ಎಸಿ ಜೋರಿತ್ತು.
ಅಥಣಿಯಿಂದ ಬಸ್ಸಿನಾಗ ತೊಡಿ ಮ್ಯಾಲ ಹೊತ್ತು ತಂದ
ಹನ್ನೆರಡು ಜೋಡಿ ಚಪ್ಪಲಿ
ಗಾಜಿನ ಮೇಜಿನ ಮ್ಯಾಲ ಸಾಲಾಗಿ ಕುಂತವು,
ನೌಕರಿ ಕೇಳಾಕ ಬಂದ ಹುಡುಗರ ಹಾಂಗ.

ಪಾಟಣಕರ ರೇಟು ಹೇಳಿದ:
ಬಿಳಿ ಹಿನ್ನೆಲೆ, ನಾಕು ಕೋನ, ಜೋಡಿಗೆ ಮುನ್ನೂರು.
ನೆರಳು ಬೇಕಂದ್ರ ಮ್ಯಾಲೆ ಐವತ್ತು.
ಕಾಲು ಬೇಕಂದ್ರ ಮಾಡೆಲ್ ಬ್ಯಾರೆ,
ತಾಸಿಗೆ ಎರಡು ಸಾವಿರ, ಬರೇ ಮೊಳಕಾಲ ಕೆಳಗ.
ನಾನು ನನ್ನ ಕಾಲು ಕುರ್ಚಿ ಕೆಳಗ ಎಳಕೊಂಡೆ.

ಒಂದು ತೆಗೆದು ತೋರಿಸಿದ.
ಅಬ್ಬಾ, ಏನು ಹೊಳಪು!
ಜಡಿ ಹೆಣಿಕೆಯ ಎಳಿ ಎಳಿ ಎಣಿಸಬಹುದಿತ್ತು.
ಆದ್ರ ಕೆಳಗ ನೆಲಾನ ಇರಲಿಲ್ಲ.
ಯಾರು ಬಿಟ್ಟವರು, ಯಾರ ಬಾಗಿಲಕ,
ಒಳಗ ಹೋದವರು ಹೊರಗ ಬರತಾರೋ ಇಲ್ಲೋ,
ಏನೂ ತಿಳೀದಂಥ ಬಿಳುಪು.

ಆಮ್ಯಾಲ ದನಿ ಸಣ್ಣ ಮಾಡಿ ಅಂದ:
ಈಗ ಕತಿ ಮಾರಾಟ ಆಗತೈತಿ ಮೇಡಂ.
ಮಾಡೋರ ಕೈ ತೋರಸ್ರಿ, ವಯಸ್ಸಾದೋರದು.
ಕಪ್ಪಿದ್ದಷ್ಟೂ ಛಲೋ,
ಉಗುರು ಒಡದಿದ್ರ ಇನ್ನೂ ಛಲೋ.

ಮನಿಗೆ ಬಂದು ದುರುಗವ್ವತ್ತಿಗೆ ಹೇಳಿದೆ.
ದಾರ ಕಚ್ಚಿ ಹೊಲೀತಿದ್ದಳು. ಬಿಡಲಿಲ್ಲ,
ಹಲ್ಲಿನ ಸಂದಿಲೇ ಅಂದಳು:
ಚಪ್ಪಲಿ ಮಾರಾಕ ಇಟ್ಟೀನಿ.
ಕೈ ಇಟ್ಟಿಲ್ಲ.

ಹಂಗಾರ ಕಾಲು? ಅಂದೆ.
ಈಗ ದಾರ ಬಿಟ್ಟಳು.
ನಮ್ಮವ್ವ, ತಾನ ಹೊಲದ ಜೋಡಿ,
ದೊಡ್ಡೋರ ಓಣಿ ಬಂದಕೂಡಲೆ ಕೈಯಾಗ ಹಿಡೀತಿದ್ದಳು.
ಆವಾಗ ಬರಬೇಕಿತ್ತು ನಿನ್ನ ಫೋಟೋದಾಂವ.
ಕೈಯೂ ಸಿಗತಿತ್ತು, ಚಪ್ಪಲಿನೂ ಸಿಗತಿತ್ತು,
ಒಂದ ಫೋಟೋದಾಗ.

ರಾತ್ರಿ ವಹಿಯಾಗ ಲೆಕ್ಕ ಬರದೆ.
ಮುನ್ನೂರು ಹನ್ನೆರಡಲೇ ಮೂರು ಸಾವಿರದ ಆರುನೂರು.
ಅಷ್ಟರಾಗ ತೊಗಲು ತರಬಹುದು.
ಮೊಬೈಲಿನಾಗ ಒಂದು ಆ್ಯಪು ಐತಿ,
ಚಪ್ಪಲಿ ಹಾಕಿದ್ರ ತಾನ ಕಾಲು ಹುಟ್ಟಸತೈತಿ.
ನೋಡೋಣಂತ ಹಾಕಿದೆ.
ಎಡಗಾಲಿಗೆ ಆರು ಬೆರಳು ಬಂದವು. ಚಂದನ ಇದ್ದವು.

ಮುಂಜಾನೆ ಏಳೂವರಿ, ಮಾಳಿಗಿ ಮ್ಯಾಲ ಬಿಸಲು ಇನ್ನೂ ಎಳೇದು.
ಜ್ವಾಳ ಹರವೋ ತಟ್ಟು ಹಾಸಿದೆ.
ಟಿವಿ ಡಬ್ಬಿಯ ಥರ್ಮಾಕೋಲು ಪ್ರಣಾಲಿ ಹಿಡಿದಳು,
ಸಾಲಿಗೆ ಹೊತ್ತಾಗತೈತಿ ಅಂತ ಗೊಣಗುತ್ತ.
ಮ್ಯಾಲಿಂದ ಒಂದು, ಬಗಲಿಂದ ಒಂದು,
ಬೋರಲು ಹಾಕಿ ಅಟ್ಟಿ ಕಡಿಂದ ಒಂದು,
ಹೊಲಿಗಿ ಅಲ್ಲಿ ಸುಳ್ಳು ಹೇಳಂಗಿಲ್ಲ.
ಬಾಜೂಕ ಆಕಿ ಸ್ಕೇಲು, ಅಳತಿಗೆ.
ಜಾಲಿ ತೊಗಟಿಯ ಬಣ್ಣ ಫೋನಿನಾಗ ಗುಲಾಬಿ ಬಿತ್ತು.
ಒಂಬತ್ತು ಸರ್ತಿ ಅಳಿಸಿದೆ, ತೆಗೆದೆ.

ಕರ್ರ್ ಅನ್ನೋ ಸದ್ದು ಮಾತ್ರ
ಯಾವ ಕೋನದಾಗೂ ಬರಲಿಲ್ಲ.

ಕಡೀಕ ಇನ್ನೊಂದು.
ಮಂದಿ ಕೇಳತಾರ, ಹಳೇದಾದಮ್ಯಾಲ ಹೆಂಗ ಕಾಣತೈತಿ ಅಂತ.
ಅತ್ತಿ ಮೆಟ್ಟಿಲ ಕೆಳಗ ಬಿಟ್ಟ ಜೋಡಿ ತಂದೆ, ನಾಕು ವರ್ಷದ್ದು.
ಎಣ್ಣಿ ಕುಡದು ಕಪ್ಪಾದ ತೊಗಲಿನಾಗ
ಹಿಮ್ಮಡ ಒಂದು ಕೆರಿ, ಬೆರಳು ಐದು ಕುಣಿ,
ಕಿರಿಬೆರಳಿಂದು ತುಸು ಹೊರಗ ಸರದಿತ್ತು.
ಆಕಿ ಕೈ ಕೊಡಲಿಲ್ಲ, ಕಾಲು ಕೊಡಲಿಲ್ಲ.
ಕೇಳದ ತಗೊಂಡೆನೇನೋ ಅನಿಸಿ
ಫೋನು ಒಯ್ದು ತೋರಿಸಿದೆ.
ಕನ್ನಡಕ ಏರಿಸಿ ಭಾಳ ಹೊತ್ತು ನೋಡಿದಳು.
ಎಡದ್ದು ಬಾರು ಸಡಲೈತಲ್ಲ, ಅಂದಳು,
ತಾ ಇಲ್ಲಿ.

ಏರಿಸಿ ಎಂಟು ದಿನಕ್ಕ
ನಾಶಿಕದಿಂದ ಮೊದಲ ಪ್ರಶ್ನೆ ಬಂತು:
ಕಡೀ ಫೋಟೋದಾಗಿನ ಹಳೇ ಜೋಡಿ ಎಷ್ಟು?

ಸ್ಟಾಕಿಲ್ಲ ಅಂತ ಬರೀಲೋ,
ಮಾರಾಕಿಲ್ಲ ಅಂತ ಬರೀಲೋ.
ಕೆಳಗ ನಳ ಬಂದಿತ್ತು.
ಕೊಡ ತಗೊಂಡು ಓಣಿಗುಂಟ ಹೊಂಟಿದ್ದಳು ಅತ್ತಿ,
ಕರ್ರ್, ಕರ್ರ್.