ಶಾಬಾಷ್ ಬ್ಯಾಡ

ಮಕ್ತಂಪುರದ ಎರಡನೇ ಓಣಿ. ಬೆಳಗ್ಗೆ ಎಂಟಕ್ಕೇ
ತಗಡು ಕಾದಿತ್ತು. ನನ್ನ ಚೀಲದಲ್ಲಿ
ಹಿಸುಕುವ ರಬ್ಬರ್ ಚೆಂಡು, ಬಣ್ಣದ ಗೂಟಗಳು, ಒಂದು ಸ್ಟಾಪ್‌ವಾಚ್.
ಮಾಣಿಕಮ್ಮನ ಬಲಗೈ ಮಡಿಲಲ್ಲಿ ಬಿದ್ದಿತ್ತು
ಬಸ್ಸಿನಲ್ಲಿ ಯಾರೋ ಮರೆತುಹೋದ ಕೈಚೀಲದ ಹಾಗೆ.

ಗೂಟ ಎತ್ತಿದರೆ ಶಾಬಾಷ್ ಅಂದೆ.
ಬೀಳಿಸಿದರೂ ಶಾಬಾಷ್ ಅಂದೆ.
ಲಕ್ವಾ ಹೊಡೆದವರ ಮನಸ್ಸು ನೋಯಬಾರದು,
ಕಾಲೇಜಿನಲ್ಲಿ ಹಾಗೆ ಹೇಳಿಕೊಟ್ಟಿದ್ದರು.
ಎಂಟನೇ ದಿನ ಆಕೆ, ಅರ್ಧ ಬಾಯಲ್ಲಿ:
"ತಬಸ್ಸುಮ್, ನಿನ್ನ ಶಾಬಾಷ್ ಬಂದ್ ಮಾಡವ್ವಾ.
ಎತ್ತಿದ್ಕೂ ಅದೇ, ಬಿದ್ದಿದ್ಕೂ ಅದೇ.
ಕೈಗಿ ಹ್ಯಾಂಗ ತಿಳೀಬೇಕು?"

ಸೊಸೆಗೆ ಕಣ್ಣಲ್ಲೇ ಹೇಳಿ ಕೊಣಮಗಿ ತರಿಸಿದಳು,
ಜೋಳದ ಹಿಟ್ಟು, ಕುದಿವ ಎಸರು.
ಇಪ್ಪತ್ತೆರಡು ವರ್ಷ ಖಾನಾವಳಿಗಳಿಗೆ
ದಿನಕ್ಕೆ ಮುನ್ನೂರು ರೊಟ್ಟಿ ಬಡಿದ ಕೈ.
ಮೊದಲ ಏಟು ಹಿಟ್ಟಿಗಲ್ಲ, ಮರಕ್ಕೆ ಬಿತ್ತು.
ಎರಡನೆಯದಕ್ಕೆ ಅಂಚು ಸೀಳಿತು.
ನಾನು ಬಾಯಿ ತೆರೆದೆ. ಆಕೆ ಎಡಗೈ ಎತ್ತಿದಳು: ಸುಮ್ನಿರು.
ಸೀಳಿದ ಜಾಗವನ್ನು ಬಹಳ ಹೊತ್ತು ನೋಡಿದಳು
ಲೆಕ್ಕದಲ್ಲಿ ಎಂಟಾಣೆ ಕಡಿಮೆ ಬಂದವರ ಹಾಗೆ.

ನಾನು ಓದಿದ್ದು ಇಷ್ಟು:
ಕೈ ಏಳುವ ಮೊದಲೇ ಮಿದುಳು ಒಂದು ಊಹೆ ಕಟ್ಟುತ್ತದೆ,
ಜಗತ್ತು ಉತ್ತರ ಕೊಡುತ್ತದೆ, ಎರಡೂ ಹೊಂದದ ಕಡೆಯಲ್ಲಿ
ನರಗಳು ಹಳೆಯ ಗಂಟು ಸಡಿಲಿಸಿ
ಹೊಸದೊಂದು ಹಾಕಲು ನೋಡುತ್ತವೆ.
ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಹತ್ತಕ್ಕೆ ಒಂಬತ್ತು.
ಆ ಒಂದು ಅಂಕ ಎಲ್ಲಿ ಕಳೆಯಿತೆಂದು
ಈವರೆಗೂ ಯಾರೂ ಹೇಳಿಲ್ಲ.

ರೊಟ್ಟಿ ಹೇಳುತ್ತದೆ. ಆಗಿಂದಾಗಲೇ ಹೇಳುತ್ತದೆ.
ತಿರುವುದು ಮರೆತರೆ ಒಂದು ಮಗ್ಗುಲು ದಪ್ಪ;
ಒಣಗಿದ್ದರೆ ಅಂಚಿನ ತುಂಬ ಬಿರುಕು, ಹಿಮ್ಮಡಿಯ ಹಾಗೆ.
ಮತ್ತೆ ಆ ಸದ್ದು. ಸರಿ ಬಿದ್ದರೆ ಟಪ್.
ತಪ್ಪಿದರೆ ಹೆಸರಿಲ್ಲದ ಇನ್ನೇನೋ,
ಆಕೆ ಕಣ್ಣು ಮುಚ್ಚಿ ಅದನ್ನೇ ಕೇಳುತ್ತಿದ್ದಳು.

ಮರುದಿನದಿಂದ ನಾನು ಚೀಲ ಬಿಚ್ಚಲಿಲ್ಲ.
ಮೂರು ವಾರ ಹರಿದ ರೊಟ್ಟಿಗಳನ್ನು
ಓಣಿಯ ಎಮ್ಮೆ ತಿಂದಿತು. ಅದೂ ಶಾಬಾಷ್ ಅನ್ನಲಿಲ್ಲ.
ಕೆಲವು ದಿನ ಕೈ ನಿನ್ನೆಯದನ್ನೂ ಮರೆತು ಬರುತ್ತಿತ್ತು.
ಅಂಥ ದಿನ ಇಬ್ಬರೂ ಚಹಾ ಕುಡಿದು ಸುಮ್ಮನಿರುತ್ತಿದ್ದೆವು.

ಒಂದು ಬೆಳಗ್ಗೆ, ಓಣಿಯ ತಿರುವಿನಲ್ಲೇ
ಟಪ್ ಟಪ್ ಟಪ್, ನಡುವೆ ಒಂದು ತಡೆ,
ಏನೋ ಯೋಚಿಸಿ ಮತ್ತೆ ಟಪ್.
ಸೊಸೆಯ ಕೈಯಲ್ಲ ಅದು. ಸೊಸೆ ಎಂದೂ ತಡೆಯುವುದಿಲ್ಲ.

ಹಂಚಿನ ಮೇಲೆ ಆಳಂದ ತಾಲೂಕಿನ ನಕಾಶೆಯಂಥ ಒಂದು ರೊಟ್ಟಿ.
"ಹ್ಯಾಂಗದ?"
ಮುರಿದು ಬಾಯಿಗಿಟ್ಟೆ. ಅಭ್ಯಾಸದಂತೆ
ಒಂದು ಶಬ್ದ ನಾಲಿಗೆ ತುದಿಗೆ ಬಂತು, ನುಂಗಿದೆ.
"ಈ ಕಡೆ ದಪ್ಪ ಆಗ್ಯದ, ಮಾಣಿಕವ್ವ. ಒಳಗ ಹಸಿ ಅದ."
"ಹಾಂ," ಅಂದಳು,
ಕೂಲಿ ಎಣಿಸಿ ತೆಗೆದುಕೊಂಡವರ ಹಾಗೆ.
ಮುಂದಿನ ಉಂಡಿಗೆ
ಬಲಗೈ ತಾನೇ ಹೋಯಿತು.